ಮನಿ ಪ್ಲಾಂಟ್: ದುಡ್ಡೂ ತರುವುದಿಲ್ಲ, ಪ್ರಾಣವನ್ನೂ ತೆಗೆಯುವುದಿಲ್ಲ, ನೋಡಬೇಕಾದದ್ದು ಬಾಟಲಿಯ ನೀರನ್ನು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರಿಗೆ ಹೋದರೂ ಕಿಟಕಿಯ ಅಂಚಿನಲ್ಲೋ, ಟಿ.ವಿ. ಪಕ್ಕದಲ್ಲೋ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೋ ಒಂದು ಬಾಟಲಿ ಕಾಣುತ್ತದೆ. ಬಾಟಲಿ ತುಂಬ ನೀರು, ಅದರಲ್ಲಿ ಹಸಿರು ಹಳದಿ ಎಲೆಯ ಒಂದು ಬಳ್ಳಿ. ಅದೇ ಮನಿ ಪ್ಲಾಂಟ್.

ಈ ಬಳ್ಳಿಯ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳಿಗೆ ಲೆಕ್ಕವಿಲ್ಲ. ಕದ್ದು ತಂದು ನೆಟ್ಟರೆ ಮಾತ್ರ ಹಣ ಬರುತ್ತದೆ ಎನ್ನುತ್ತದೆ ಒಂದು. ಮನೆಯ ಗಾಳಿಯನ್ನೆಲ್ಲ ಶುದ್ಧ ಮಾಡುತ್ತದೆ, ಇದನ್ನು ನಾಸಾ ಒಪ್ಪಿದೆ ಎನ್ನುತ್ತದೆ ಇನ್ನೊಂದು. ಇದರ ಎಲೆ ತಿಂದರೆ ಮಗು ಒಂದೇ ನಿಮಿಷದಲ್ಲಿ ಸಾಯುತ್ತದೆ, ಕೂಡಲೇ ಕಿತ್ತು ಬಿಸಾಡಿ ಎನ್ನುತ್ತದೆ ಮಗದೊಂದು. ಒಂದೇ ಗ್ರೂಪಿನಲ್ಲಿ ಬೆಳಿಗ್ಗೆ ಹೊಗಳಿಕೆ ಬಂದರೆ ಸಂಜೆ ಹೆದರಿಕೆ ಬರುತ್ತದೆ.

ನಾವು ಈ ಮಾತುಗಳನ್ನು ಒಂದೊಂದಾಗಿ ನೋಡಿದ್ದೇವೆ. ಜೊತೆಗೆ ಈ ಗಿಡವನ್ನು ನಮ್ಮ ಕಡೆಯ ಮಣ್ಣು, ನೀರು, ಬಿಸಿಲಿನಲ್ಲಿ ಬೆಳೆಸುವುದು ಹೇಗೆ ಎಂಬುದನ್ನೂ ಹೇಳಿದ್ದೇವೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇಷ್ಟೆಲ್ಲ ಸಂದೇಶಗಳ ನಡುವೆ ನಿಜವಾಗಿ ಗಮನ ಕೊಡಬೇಕಾದ ಅಪಾಯ ಒಂದಿದೆ. ಅದು ಗಿಡದಲ್ಲಿ ಇಲ್ಲ, ಗಿಡ ನಿಂತಿರುವ ನೀರಿನಲ್ಲಿದೆ.

ಇದು ಯಾವ ಗಿಡ? ಎಲ್ಲಿಂದ ಬಂತು?

ನಮ್ಮಲ್ಲಿ ಮನಿ ಪ್ಲಾಂಟ್ ಎಂದು ಕರೆಯುವ ಬಳ್ಳಿಯ ವೈಜ್ಞಾನಿಕ ಹೆಸರು ಎಪಿಪ್ರೆಮ್ನಮ್ ಔರಿಯಮ್. ಇದರ ತವರು ಶಾಂತ ಸಾಗರದಲ್ಲಿ ತಾಹಿತಿಯ ಪಕ್ಕದಲ್ಲಿರುವ ಮೂರಿಯಾ ಎಂಬ ಪುಟ್ಟ ದ್ವೀಪ. ವಿಜ್ಞಾನಿಗಳು 1880ರಲ್ಲಿ ಇದಕ್ಕೆ ಮೊದಲು ಪೋಥೋಸ್ ಔರಿಯಸ್ ಎಂದು ಹೆಸರಿಟ್ಟರು. ಹೆಸರು ಹಲವು ಸಲ ಬದಲಾಗಿ, ಈಗಿನ ಹೆಸರು ಬಂದದ್ದು 1964ರಲ್ಲಿ. ಮಾರುವವರು ಈಗಲೂ ಇದನ್ನು ಪೋಥೋಸ್ ಎನ್ನುವುದು ಆ ಹಳೆಯ ಹೆಸರಿನಿಂದ.

ಹೆಸರು ಇಷ್ಟು ಸಲ ಬದಲಾಗಲು ಕಾರಣ, ಈ ಬಳ್ಳಿ ಹೂವು ಬಿಡುವುದೇ ಅಪರೂಪ. ಹೂವು ನೋಡದೆ ಗಿಡದ ಕುಲ ಹೇಳುವುದು ಕಷ್ಟ. ಹೂವು ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಈ ಗಿಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೂವಿಲ್ಲದಿದ್ದರೆ ಬೀಜವೂ ಇಲ್ಲ. ಆದ್ದರಿಂದ ನಮ್ಮ ಮನೆಗಳಲ್ಲಿರುವ ಮನಿ ಪ್ಲಾಂಟ್‌ಗಳೆಲ್ಲ ಒಂದು ಬಳ್ಳಿಯಿಂದ ಇನ್ನೊಂದು ತುಂಡು, ಆ ತುಂಡಿನಿಂದ ಮತ್ತೊಂದು ಎಂದು ಹಬ್ಬುತ್ತಾ ಬಂದವು.

ಎಲೆಯ ಆಕಾರ ನೋಡಿ ಇದನ್ನು ವೀಳ್ಯದೆಲೆಯ ನೆಂಟ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ವೀಳ್ಯದೆಲೆ ಕಾಳುಮೆಣಸಿನ ಕುಟುಂಬದ್ದು. ಮನಿ ಪ್ಲಾಂಟ್ ಕೆಸು, ಸುವರ್ಣಗೆಡ್ಡೆ, ಆಂಥೂರಿಯಂಗಳ ಕುಟುಂಬದ್ದು. ಈ ನೆಂಟಸ್ತಿಕೆಯನ್ನು ನೆನಪಿಡಿ, ವಿಷದ ಮಾತು ಬಂದಾಗ ಬೇಕಾಗುತ್ತದೆ.

ಇನ್ನೊಂದು ವಿಷಯ. ಬೇರೆ ದೇಶಗಳಲ್ಲಿ ಮನಿ ಪ್ಲಾಂಟ್ ಅಥವಾ ಮನಿ ಟ್ರೀ ಎಂಬ ಹೆಸರು ಬೇರೆ ಗಿಡಗಳಿಗೂ ಇದೆ. ಜೇಡ್ ಎಂಬ ದಪ್ಪ ಎಲೆಯ ಗಿಡ, ಪಾಚಿರಾ ಎಂಬ ಸಣ್ಣ ಮರ ಇವೆಲ್ಲ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಹೊರದೇಶದ ವಿಡಿಯೊ ನೋಡಿ ನಮ್ಮ ಬಳ್ಳಿಗೆ ಉಪಚಾರ ಮಾಡುವ ಮೊದಲು ಅದರಲ್ಲಿರುವುದು ಇದೇ ಗಿಡವೇ ಎಂದು ನೋಡಿಕೊಳ್ಳಿ.

ನೆಡುವುದು ಹೇಗೆ? ಕಬ್ಬು ನೆಟ್ಟವರಿಗೆ ಇದು ಗೊತ್ತಿರುವ ವಿದ್ಯೆ

ಕಬ್ಬು ಬಿತ್ತನೆ ಮಾಡುವಾಗ ಗಿಣ್ಣು ನೋಡಿ, ಕಣ್ಣು ನೋಡಿ ತುಂಡು ಮಾಡುತ್ತೇವೆ. ಕಣ್ಣಿಲ್ಲದ ತುಂಡು ನೆಟ್ಟರೆ ಮೊಳಕೆ ಬರುವುದಿಲ್ಲ. ಮನಿ ಪ್ಲಾಂಟ್‌ಗೂ ಅದೇ ನಿಯಮ. ಬಳ್ಳಿಯಲ್ಲಿ ಎಲೆಯ ತೊಟ್ಟು ಹುಟ್ಟುವ ಜಾಗದಲ್ಲಿ ಸ್ವಲ್ಪ ಉಬ್ಬಿದ ಗಿಣ್ಣು ಇರುತ್ತದೆ. ಅದರ ಕೆಳಗೆ ಕಂದು ಬಣ್ಣದ ಸಣ್ಣ ಮೊಳೆಯಂಥ ಗಾಳಿಬೇರು ಕಾಣುತ್ತದೆ. ಹೊಸ ಬೇರು, ಹೊಸ ಚಿಗುರು ಎರಡೂ ಬರುವುದು ಈ ಗಿಣ್ಣಿನಿಂದ.

ಬರೀ ಎಲೆಯನ್ನು ತೊಟ್ಟಿನ ಸಮೇತ ಕಿತ್ತು ನೀರಿನಲ್ಲಿಟ್ಟರೆ ತುಂಬ ದಿನ ಹಸಿರಾಗಿರುತ್ತದೆ, ಕೆಲವೊಮ್ಮೆ ಬೇರೂ ಬಿಡಬಹುದು. ಆದರೆ ಬಳ್ಳಿಯಾಗುವುದಿಲ್ಲ. ಹಾಗಾಗಿ,

- ಆರೋಗ್ಯವಾದ ಬಳ್ಳಿಯಿಂದ ಎರಡು ಮೂರು ಗಿಣ್ಣು ಇರುವ ತುಂಡನ್ನು, ಗಿಣ್ಣಿನ ಸ್ವಲ್ಪ ಕೆಳಗೆ ಶುಚಿಯಾದ ಕತ್ತರಿಯಿಂದ ಕತ್ತರಿಸಿ.
- ಕೆಳಗಿನ ಎಲೆ ತೆಗೆಯಿರಿ. ಎಲೆ ನೀರಿನಲ್ಲಿ ಮುಳುಗಿದರೆ ಕೊಳೆಯುತ್ತದೆ.
- ಕನಿಷ್ಠ ಒಂದು ಗಿಣ್ಣು ನೀರಿನಲ್ಲಿ ಅಥವಾ ಮಣ್ಣಿನಲ್ಲಿ ಮುಳುಗಿರಲಿ.
- ಎರಡು ಮೂರು ವಾರದಲ್ಲಿ ಬೇರು ಕಾಣಿಸುತ್ತದೆ. ಬೇರು ಎರಡು ಮೂರು ಇಂಚು ಬೆಳೆದ ಮೇಲೆ ಕುಂಡಕ್ಕೆ ಬದಲಿಸಬಹುದು.

ಮಳೆಗಾಲದಲ್ಲಿ ಬೇರು ಬೇಗ ಬರುತ್ತದೆ. ಹಾಗೆಂದು ಉಳಿದ ಕಾಲದಲ್ಲಿ ನೆಡಬಾರದು ಎಂದೇನಿಲ್ಲ.

ಕದ್ದು ತಂದರೆ ಚೆನ್ನಾಗಿ ಬೆಳೆಯುತ್ತದೆಯೇ?

ಇಲ್ಲ. ಕದ್ದ ತುಂಡು ಚಿಗುರುವುದು ಗಿಣ್ಣು ಇರುವುದರಿಂದ. ಕೇಳಿ ತಂದ ತುಂಡಿನಲ್ಲಿಯೂ ಅದೇ ಗಿಣ್ಣು ಇರುತ್ತದೆ. ಈ ನಂಬಿಕೆ ಉಳಿದಿರುವುದಕ್ಕೆ ಕಾರಣ ಸುಲಭ. ಈ ಬಳ್ಳಿ ಹೇಗೆ ನೆಟ್ಟರೂ ಬದುಕುವ ಜಾತಿ. ಕದ್ದು ತಂದದ್ದು ಬದುಕಿದರೆ ಎಲ್ಲರಿಗೂ ಹೇಳುತ್ತೇವೆ, ಒಣಗಿದರೆ ಯಾರಿಗೂ ಹೇಳುವುದಿಲ್ಲ. ಹೀಗಾಗಿ ಗೆದ್ದ ಕಥೆಗಳು ಮಾತ್ರ ಕಿವಿಗೆ ಬೀಳುತ್ತವೆ.

ಆಗ್ನೇಯ ಮೂಲೆಯಲ್ಲಿಡಬೇಕು, ಬಳ್ಳಿ ನೆಲಕ್ಕೆ ತಾಗಿದರೆ ಹಣ ಹೋಗುತ್ತದೆ ಎಂಬ ಮಾತುಗಳಿಗೂ ಗಿಡದ ಬೆಳವಣಿಗೆಗೂ ಸಂಬಂಧವಿಲ್ಲ. ನಿಮ್ಮ ಮನೆಯಲ್ಲಿ ಆ ಪದ್ಧತಿ ಇದ್ದರೆ ಅದು ನಿಮ್ಮ ಇಷ್ಟ. ಆದರೆ ಆಗ್ನೇಯ ಮೂಲೆಯಲ್ಲಿ ಕಿಟಕಿ ಇಲ್ಲದಿದ್ದರೆ ಗಿಡ ಸೊರಗುತ್ತದೆ. ಗಿಡಕ್ಕೆ ಬೇಕಾದದ್ದು ಬೆಳಕು. ಪಕ್ಕದ ಮನೆಯವರನ್ನು ಒಂದು ತುಂಡು ಕೇಳಿ ನೋಡಿ, ಯಾರೂ ಇಲ್ಲ ಎನ್ನುವುದಿಲ್ಲ.

ನಮ್ಮ ಮಣ್ಣು, ನಮ್ಮ ನೀರು, ನಮ್ಮ ಬಿಸಿಲು

ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರಿಗಾಗಿ ಬರೆದವು. ಗಿಡವನ್ನು ಬೆಚ್ಚಗಿಡಿ, ಹೀಟರ್ ಪಕ್ಕದಲ್ಲಿಡಬೇಡಿ ಎಂಬ ಮಾತು ನಮಗೆ ಬೇಕಾಗಿಲ್ಲ. 15ರಿಂದ 30 ಡಿಗ್ರಿ ಸೆಲ್ಸಿಯಸ್ ಈ ಬಳ್ಳಿಗೆ ಹಿತ. ನಮ್ಮ ಕಡೆಯ ಡಿಸೆಂಬರ್ ಚಳಿ ಇದಕ್ಕೆ ಏನೂ ಮಾಡುವುದಿಲ್ಲ. ತೊಂದರೆ ಬರುವುದು ಮಾರ್ಚ್, ಏಪ್ರಿಲ್ ತಿಂಗಳ ನೇರ ಬಿಸಿಲಿನಿಂದ.

ಬೆಳಕು: ಬೆಳಕು ಚೆನ್ನಾಗಿರಬೇಕು, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳಬಾರದು. ಪರೀಕ್ಷೆ ಸುಲಭ. ಹಗಲಿನಲ್ಲಿ ಲೈಟ್ ಹಾಕದೆ ಆ ಜಾಗದಲ್ಲಿ ಕೂತು ದಿನಪತ್ರಿಕೆ ಓದಲು ಆದರೆ ಅಲ್ಲಿ ಗಿಡ ಬೆಳೆಯುತ್ತದೆ. ಬೆಳಕು ಕಡಿಮೆಯಾದರೆ ಎಲೆಯ ಮೇಲಿನ ಹಳದಿ ಗೀರುಗಳು ಮಾಯವಾಗಿ ಪೂರ್ತಿ ಹಸಿರಾಗುತ್ತದೆ, ಗಿಣ್ಣಿನಿಂದ ಗಿಣ್ಣಿಗೆ ಅಂತರ ಹೆಚ್ಚಾಗಿ ಬಳ್ಳಿ ಸೊರಗಿದಂತೆ ಕಾಣುತ್ತದೆ. ಬಿಸಿಲು ಹೆಚ್ಚಾದರೆ ಎಲೆ ಸುಟ್ಟ ಹಾಗೆ ಕಂದಾಗುತ್ತದೆ.

ಮಣ್ಣು: ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನವರು ಗದ್ದೆಯ ಅಂಟು ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ಭತ್ತಕ್ಕೆ ನೀರು ನಿಲ್ಲುವ ಮಣ್ಣು ಬೇಕು, ಈ ಬಳ್ಳಿಗೆ ನೀರು ಬಸಿದು ಹೋಗುವ ಮಣ್ಣು ಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿದರೆ ಸಾಕು. ನಾಗಮಂಗಲ, ಕೆ.ಆರ್. ಪೇಟೆ ಕಡೆ ಕೆಂಪು ಮಣ್ಣಿಗೂ ತೆಂಗಿನ ನಾರಿಗೂ ಬರವಿಲ್ಲ. ಕುಂಡದ ತಳದಲ್ಲಿ ತೂತು ಇರಲೇಬೇಕು.

ನೀರು: ಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ಒಣಗಿದ್ದರೆ ನೀರು ಹಾಕಿ, ಒದ್ದೆಯಿದ್ದರೆ ಬಿಡಿ. ಮನಿ ಪ್ಲಾಂಟ್ ಬಾಡುವುದು ನೀರು ಕಡಿಮೆಯಾಗಿ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ಕುಂಡದ ಗಿಡಗಳು ಹೆಚ್ಚಾಗಿ ಸಾಯುವುದು ನೀರು ಹೆಚ್ಚಾಗಿ ಬೇರು ಕೊಳೆತು.

ಬೋರ್‌ವೆಲ್ ನೀರು: ನಾಲೆ ನೀರು ಕಡಿಮೆ ಇರುವ ಕಡೆ, ವಿಶೇಷವಾಗಿ ನಾಗಮಂಗಲದ ಒಣಭೂಮಿ ಊರುಗಳಲ್ಲಿ, ಬಳಸುವುದು ಬೋರ್‌ವೆಲ್ ನೀರು. ಗಡಸು ನೀರಾದರೆ ಕುಂಡದ ಅಂಚಿನಲ್ಲಿ, ಬಾಟಲಿಯ ಕತ್ತಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದು ನೀರಿನಲ್ಲಿರುವ ಲವಣ. ಗಿಡ ಸಾಯುವುದಿಲ್ಲ, ಆದರೆ ಲವಣ ಸೇರುತ್ತಾ ಹೋದರೆ ಎಲೆಯ ತುದಿ ಕಂದಾಗುತ್ತದೆ. ತಿಂಗಳಿಗೊಮ್ಮೆ ತಳದ ತೂತಿನಿಂದ ಧಾರಾಳವಾಗಿ ನೀರು ಹರಿದು ಹೋಗುವಷ್ಟು ಹಾಕಿದರೆ ಸೇರಿದ ಲವಣ ತೊಳೆದು ಹೋಗುತ್ತದೆ. ಇದಕ್ಕಾಗಿ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತಂದು ಗಿಡಕ್ಕೆ ಸುರಿಯುವ ಅಗತ್ಯವಿಲ್ಲ. ಆ ನೀರು ನೀವು ಕುಡಿಯಿರಿ.

ಹಾಲು, ಸಕ್ಕರೆ, ಟೀ ಚರಟ, ಯೂರಿಯಾ

ಹಾಲು ಹಾಕಿದರೆ ಎಲೆ ದೊಡ್ಡದಾಗುತ್ತದೆ, ಸಕ್ಕರೆ ಹಾಕಿದರೆ ಬಳ್ಳಿ ಓಡುತ್ತದೆ ಎಂಬ ವಿಡಿಯೊಗಳಿವೆ. ಗಿಡ ತನಗೆ ಬೇಕಾದ ಸಕ್ಕರೆಯನ್ನು ಎಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ. ಮಣ್ಣಿಗೆ ಹಾಕಿದ ಸಕ್ಕರೆ ಇರುವೆಗೆ ಊಟ, ಹಾಲು ಶಿಲೀಂಧ್ರಕ್ಕೆ ಊಟ. ಸಕ್ಕರೆ ಹಾಕಿ ಕುದಿಸಿದ ಟೀ ಚರಟವನ್ನು ತೊಳೆಯದೆ ಹಾಕಿದರೂ ಇರುವೆ ಬರುತ್ತದೆ.

ರೈತರ ಮನೆಗಳಲ್ಲಿ ಯೂರಿಯಾ ಹೇಗೂ ಇರುತ್ತದೆ, ಒಂದು ಚಮಚ ಹಾಕಿಬಿಡೋಣ ಎನಿಸುತ್ತದೆ. ಹಾಕಬೇಡಿ. ಹೊಲದಲ್ಲಿ ಹರಡಿ ಹೋಗುವ ಯೂರಿಯಾ ಸಣ್ಣ ಕುಂಡದಲ್ಲಿ ಒಂದೇ ಕಡೆ ಸೇರಿ ಬೇರನ್ನು ಸುಡುತ್ತದೆ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ಸಾಕು.

ಮುಖ್ಯ ವಿಷಯ: ಬಾಟಲಿಯ ನೀರು ಮತ್ತು ಡೆಂಗಿ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ನಿಂತ ತಿಳಿನೀರನ್ನು ಇಷ್ಟಪಡುತ್ತದೆ. ಅದಕ್ಕೆ ಕೆರೆಯೂ ಬೇಡ, ಕಟ್ಟೆಯೂ ಬೇಡ. ಒಂದು ತೆಂಗಿನ ಚಿಪ್ಪಿನಲ್ಲಿ ನಿಂತ ನೀರು ಸಾಕು. ಮನಿ ಪ್ಲಾಂಟ್ ಇರುವ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ: ತಿಳಿನೀರು, ನೆರಳು, ಅಲುಗಾಟವಿಲ್ಲ, ವಾರಗಟ್ಟಲೆ ಯಾರೂ ಮುಟ್ಟುವುದಿಲ್ಲ. ನೀರು ಕಡಿಮೆಯಾದಾಗ ಮೇಲಿಂದ ಒಂದಿಷ್ಟು ತುಂಬುತ್ತೇವೆ ಅಷ್ಟೇ. ಹಳೆಯ ನೀರು ಹಾಗೇ ಉಳಿಯುತ್ತದೆ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದಲೇ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ ಎಂದು ಹೇಳುವುದು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಮರಿ ಸೊಳ್ಳೆಯಾಗುವ ಮೊದಲೇ ಹೊರಗೆ ಹೋಗುತ್ತದೆ.

ಬರೀ ನೀರು ಚೆಲ್ಲಿದರೆ ಮಾತ್ರ ಸಾಲದು. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟದ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲವು. ಹೊಸ ನೀರು ತುಂಬಿದ ಕೂಡಲೇ ಒಡೆದು ಮರಿಯಾಗುತ್ತವೆ. ಹಾಗಾಗಿ ಬಾಟಲಿಯ ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು. ಬ್ರಷ್ ಹೋಗದ ಕಿರಿದಾದ ಬಾಟಲಿಯಾದರೆ ಒಂದು ಹಿಡಿ ಮರಳು, ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕಿ.

ಮಾಡಬೇಕಾದದ್ದು ಇಷ್ಟು:

- ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಶುಕ್ರವಾರ ಮನೆ ತೊಳೆಯುವ ರೂಢಿ ಇದ್ದರೆ ಅದೇ ದಿನ ಬಾಟಲಿಯನ್ನೂ ತೊಳೆಯಿರಿ.
- ಹಳೆಯ ನೀರನ್ನು ಚರಂಡಿಗೆ ಸುರಿಯಬೇಡಿ, ಬಿಸಿಲು ಬೀಳುವ ಒಣ ನೆಲಕ್ಕೆ ಚೆಲ್ಲಿ. ಮರಿಗಳು ಅಲ್ಲೇ ಸಾಯುತ್ತವೆ.
- ಬೇರನ್ನೂ ನೀರಿನಲ್ಲಿ ಅಲುಗಿಸಿ ತೊಳೆಯಿರಿ.
- ಬಾಟಲಿಯ ಬಾಯಿಗೆ ಬಳ್ಳಿಯ ಸುತ್ತ ಹತ್ತಿ ಅಥವಾ ಬಟ್ಟೆ ತುರುಕಿ. ಸೊಳ್ಳೆ ಒಳಗೆ ಹೋಗಲು ಸಂದು ಇರಬಾರದು.
- ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನೂ ಚೆಲ್ಲಿ. ತಟ್ಟೆಯಲ್ಲಿ ಮರಳು ತುಂಬಿಟ್ಟರೆ ಇನ್ನೂ ಒಳ್ಳೆಯದು.
- ವಾರಕ್ಕೊಮ್ಮೆ ಆಗುವುದಿಲ್ಲ ಎನಿಸಿದರೆ ಬಳ್ಳಿಯನ್ನು ಮಣ್ಣಿಗೆ ಬದಲಿಸಿಬಿಡಿ. ಗಿಡವೂ ಹೆಚ್ಚು ಚೆನ್ನಾಗಿ ಬೆಳೆಯುತ್ತದೆ.

ನೀರಿನಲ್ಲಿ ಮರಿ ಇದೆಯೇ ಎಂದು ನೋಡಲು ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ದಾರದ ತುಂಡಿನಂಥವು ಕೊಂಕಿಕೊಂಡು ಮೇಲೆ ಕೆಳಗೆ ಓಡಾಡುತ್ತಿದ್ದರೆ ಅವೇ ಸೊಳ್ಳೆ ಮರಿಗಳು. ಮೇಲೆ ಕೈ ಆಡಿಸಿದರೆ ಸರ್ರನೆ ತಳಕ್ಕೆ ಇಳಿಯುತ್ತವೆ.

ಇದು ನಿಮ್ಮ ಮನೆಯೊಳಗಿನ ಮಾತು ಮಾತ್ರ ಅಲ್ಲ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿತು. ಸೊಳ್ಳೆ ಹುಟ್ಟಲು ಎಡೆಮಾಡಿಕೊಡುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 200 ರೂಪಾಯಿ ದಂಡವನ್ನೂ ನಿಗದಿ ಮಾಡಿತು. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಮನೆಗೆ ಬಂದಾಗ ತೊಟ್ಟಿ, ಡ್ರಮ್ಮು ಮಾತ್ರ ತೋರಿಸಿ ಕಳಿಸಬೇಡಿ. ಟಿ.ವಿ. ಪಕ್ಕದ ಬಾಟಲಿಯನ್ನೂ ತೋರಿಸಿ.

ನಲ್ಲಿ ನೀರು ದಿನಾ ಬಾರದ ಊರುಗಳಲ್ಲಿ ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ನೀರು ಹಿಡಿದಿಡುವುದು ಅನಿವಾರ್ಯ. ಅವನ್ನು ಮುಚ್ಚಿಡಿ. ದನ ಕುಡಿಯುವ ತೊಟ್ಟಿ, ಅಂಗಳದ ಒರಳುಕಲ್ಲು, ಹಳೆಯ ಟೈರು, ಎಳನೀರು ಬುರುಡೆ ಇವುಗಳನ್ನೂ ಅದೇ ದಿನ ನೋಡಿಕೊಳ್ಳಿ.

ಮನೆಯಲ್ಲಿ ಯಾರಿಗಾದರೂ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಇರಬಹುದು ಎಂಬ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ನುಂಗಬೇಡಿ. ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜ್ವರ ಬಿಟ್ಟ ಮೇಲೂ ಒಂದೆರಡು ದಿನ ಈ ಲಕ್ಷಣಗಳ ಮೇಲೆ ಕಣ್ಣಿರಲಿ.

ಗಾಳಿ ಶುದ್ಧ ಮಾಡುತ್ತದೆಯೇ? ನಾಸಾ ಹೇಳಿದ್ದೇನು?

ಅರ್ಧ ಸತ್ಯ. ನಾಸಾದ ವಿಜ್ಞಾನಿ ಬಿ.ಸಿ. ವೊಲ್ವರ್ಟನ್ ಮತ್ತು ಅವರ ತಂಡ 1989ರಲ್ಲಿ ಒಂದು ವರದಿ ಕೊಟ್ಟದ್ದು ನಿಜ. ಬಾಹ್ಯಾಕಾಶದಲ್ಲಿ ಗಾಳಿ ಆಡದ ಕೋಣೆಗಳಲ್ಲಿ ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲಗಳನ್ನು ಗಿಡಗಳಿಂದ ಕಡಿಮೆ ಮಾಡಬಹುದೇ ಎಂಬುದು ಅವರ ಪ್ರಶ್ನೆ. ಪರೀಕ್ಷೆ ನಡೆದದ್ದು ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಲ್ಲಿ ಅನಿಲಗಳು ಕಡಿಮೆಯಾದವು.

ನಮ್ಮ ಮನೆ ಮುಚ್ಚಿದ ಪೆಟ್ಟಿಗೆ ಅಲ್ಲ. ಬಾಗಿಲು, ಕಿಟಕಿ, ಹೆಂಚಿನ ಸಂದುಗಳಿಂದ ಗಾಳಿ ಸದಾ ಬದಲಾಗುತ್ತಿರುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹನ್ನೆರಡು ಅಧ್ಯಯನಗಳ ಲೆಕ್ಕವನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದರು. ಸಾಮಾನ್ಯ ಕಟ್ಟಡದಲ್ಲಿ ತಾನಾಗಿಯೇ ಆಗುವ ಗಾಳಿಯ ಬದಲಾವಣೆಗೆ ಸಮನಾಗಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1,000 ಗಿಡ ಬೇಕು ಎಂಬುದು ಅವರ ಲೆಕ್ಕ. ಹತ್ತಡಿ ಅಗಲ ಹತ್ತಡಿ ಉದ್ದದ ಒಂದು ಕೋಣೆ ಎಂದರೆ ಸುಮಾರು 9.3 ಚದರ ಮೀಟರ್. ಅಂದರೆ ಕಡಿಮೆ ಎಂದರೂ 90ಕ್ಕೂ ಹೆಚ್ಚು ಗಿಡ. ಮಂಚ ಎಲ್ಲಿ ಹಾಕುವುದು?

ರಾತ್ರಿ ಆಮ್ಲಜನಕ ಕೊಡುತ್ತದೆ ಎಂಬ ಮಾತೂ ತಪ್ಪು. ಆಮ್ಲಜನಕ ಹೊರಬರಲು ಬೆಳಕು ಬೇಕು. ಕತ್ತಲಲ್ಲಿ ಮನಿ ಪ್ಲಾಂಟ್ ಕೂಡ ನಮ್ಮಂತೆ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಅತ್ಯಲ್ಪ, ಮಲಗುವ ಕೋಣೆಯಲ್ಲಿಟ್ಟರೆ ಅಪಾಯವೇನಿಲ್ಲ. ಒಬ್ಬ ಮನುಷ್ಯ ದಿನಕ್ಕೆ ಬಳಸುವ ಆಮ್ಲಜನಕ ಸುಮಾರು 550 ಲೀಟರ್. ಬಾಟಲಿಯಲ್ಲಿರುವ ಆರೇಳು ಎಲೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಸೌದೆ ಒಲೆಯ ಹೊಗೆ, ಸೊಳ್ಳೆ ಬತ್ತಿಯ ಹೊಗೆ, ಬೀಡಿ ಸಿಗರೇಟಿನ ಹೊಗೆ ಇವೇ ಮನೆಯ ಗಾಳಿ ಕೆಡಿಸುವುದು. ಮನೆಯಲ್ಲಿ ಉಬ್ಬಸದವರು, ಹಸುಗೂಸು ಇದ್ದರೆ ಗಿಡದ ಮೇಲೆ ಭರವಸೆ ಇಡಬೇಡಿ. ಹೊಗೆ ಕಡಿಮೆ ಮಾಡಿ, ಕಿಟಕಿ ತೆರೆಯಿರಿ.

ಎಲೆ ತಿಂದರೆ ಮಗು ಸಾಯುತ್ತದೆಯೇ?

ಒಂದು ನಿಮಿಷದಲ್ಲಿ ಸಾವು ಎಂಬುದು ಸುಳ್ಳು. ಈ ಸಂದೇಶ ಮೊದಲು ಓಡಾಡಿದ್ದು ಡೈಫೆನ್‌ಬಾಕಿಯಾ ಎಂಬ ಬೇರೊಂದು ಅಲಂಕಾರದ ಗಿಡದ ಬಗ್ಗೆ. ಆ ಗಿಡಕ್ಕೂ ಆ ಮಾತು ಸರಿಯಲ್ಲ. ಆದರೆ ಎಲೆ ತಿಂದರೆ ಏನೂ ಆಗುವುದಿಲ್ಲ ಎಂದೂ ಅಲ್ಲ.

ಕೆಸುವಿನ ಸೊಪ್ಪನ್ನು ಸರಿಯಾಗಿ ಬೇಯಿಸದೆ ತಿಂದರೆ ಗಂಟಲು ಕೆರೆಯುತ್ತದೆ, ಸುವರ್ಣಗೆಡ್ಡೆ ಹೆಚ್ಚಿದರೆ ಕೈ ಕಡಿಯುತ್ತದೆ. ಕಾರಣ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಜಿಯಂಥ ಹರಳುಗಳು. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು ಎಂದು ಅಜ್ಜಿಯರು ಹೇಳಿದ್ದು ಅದಕ್ಕೇ. ಮನಿ ಪ್ಲಾಂಟ್ ಅದೇ ಕುಟುಂಬದ್ದು, ಅದರಲ್ಲಿಯೂ ಅದೇ ಹರಳುಗಳಿವೆ. ಎಲೆ ಅಗಿದರೆ ಹರಳುಗಳು ನಾಲಿಗೆಗೆ, ತುಟಿಗೆ ಚುಚ್ಚಿ ಉರಿ, ಊತ, ಜೊಲ್ಲು ಬರುತ್ತವೆ. ಉರಿ ತಕ್ಷಣ ಹತ್ತುವುದರಿಂದ ಮಕ್ಕಳು ಹೆಚ್ಚು ತಿನ್ನದೆ ಉಗಿಯುತ್ತಾರೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಅಪರೂಪಕ್ಕೆ ಗಂಟಲು ಊದಿ ಉಸಿರಿಗೆ ತೊಂದರೆಯಾಗಬಹುದು.

ಮಗು ಎಲೆ ಬಾಯಿಗೆ ಹಾಕಿಕೊಂಡರೆ,

- ಬಾಯಲ್ಲಿರುವ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಬಾಯಿ ಮುಕ್ಕಳಿಸಿ.
- ತಣ್ಣನೆಯ ನೀರು ಅಥವಾ ಹಾಲನ್ನು ಸ್ವಲ್ಪ ಸ್ವಲ್ಪವೇ ಕುಡಿಸಿ.
- ಉಪ್ಪು ನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ.
- ರಸ ಕಣ್ಣಿಗೆ ತಾಗಿದ್ದರೆ ತಿಳಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ.
- ಉಸಿರಾಡಲು, ನುಂಗಲು ಕಷ್ಟವಾದರೆ, ನಾಲಿಗೆ ಊದುತ್ತಾ ಹೋದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಎಲೆಯ ಒಂದು ತುಂಡನ್ನು ಜೊತೆಗೆ ಒಯ್ಯಿರಿ, ಯಾವ ಗಿಡ ಎಂದು ವೈದ್ಯರಿಗೆ ತಿಳಿಯುತ್ತದೆ.

ನಾಯಿ, ಬೆಕ್ಕುಗಳಿಗೂ ಇದೇ ತೊಂದರೆ. ಸವರಿದ ಬಳ್ಳಿಯನ್ನು ದನ, ಕುರಿಗಳ ಮುಂದೆ ಹಾಕಬೇಡಿ. ತೆವಳುವ ಮಗು ಮನೆಯಲ್ಲಿದ್ದರೆ ಗಿಡ ಎತ್ತರದಲ್ಲಿರಲಿ. ಕಿತ್ತು ಬಿಸಾಡುವ ಅಗತ್ಯವಿಲ್ಲ.

ತೆಂಗಿನ ಮರಕ್ಕೆ ಹಬ್ಬಿಸಬಹುದೇ?

ಇದು ಬಂದಳಿಕೆಯಂತೆ ಮರದ ರಸ ಹೀರುವ ಗಿಡ ಅಲ್ಲ. ಗಾಳಿಬೇರುಗಳಿಂದ ಕಾಂಡವನ್ನು ಹಿಡಿದು ಮೇಲೇರುತ್ತದೆ ಅಷ್ಟೇ. ಮೇಲೇರುತ್ತಾ ಹೋದಂತೆ ಎಲೆ ದೊಡ್ಡದಾಗುತ್ತದೆ. ಮರದ ಮೇಲೆ ಒಂದು ಮೊಳಕ್ಕಿಂತ ಉದ್ದದ, ಅಂಚು ಸೀಳಿದ ಎಲೆ ಕಂಡು ಅದು ಬೇರೆ ಗಿಡ ಎಂದುಕೊಳ್ಳುವವರಿದ್ದಾರೆ. ಬಾಟಲಿಯಲ್ಲಿರುವುದೂ ಅದೇ. ಕೆಳಗೆ ಇಳಿಬಿಟ್ಟ ಬಳ್ಳಿಯಲ್ಲಿ ಎಲೆ ಚಿಕ್ಕದಾಗುತ್ತಾ ಹೋಗುತ್ತದೆ. ಮನೆಯೊಳಗೆ ದೊಡ್ಡ ಎಲೆ ಬೇಕಾದರೆ ತೆಂಗಿನ ನಾರು ಸುತ್ತಿದ ಒಂದು ಕೋಲನ್ನು ಕುಂಡದಲ್ಲಿ ನೆಟ್ಟು, ನಾರನ್ನು ಆಗಾಗ ಒದ್ದೆ ಮಾಡುತ್ತಿರಿ.

ಅಂಗಳದ ಒಂದು ಮರಕ್ಕೆ ಅಂದಕ್ಕಾಗಿ ಹಬ್ಬಿಸಿದರೆ ಮರ ಸಾಯುವುದಿಲ್ಲ. ಆದರೆ ಕಾಯಿ ಕೀಳಲು ಹತ್ತುವವರಿಗೆ ಕಾಲಿಗೆ ತೊಡಕು. ಫಸಲಿನ ತೋಟಕ್ಕೆ ಬೇಡ. ಸವರಿದ ತುಂಡುಗಳನ್ನು ನಾಲೆಗೆ, ಕೆರೆ ಏರಿಗೆ ಎಸೆಯಬೇಡಿ. ಶ್ರೀಲಂಕಾ, ಹವಾಯಿಯಂಥ ಕಡೆ ಮನೆಯಿಂದ ಹೊರಬಿದ್ದ ಈ ಬಳ್ಳಿ ಕಾಡಿಗೆ ನುಗ್ಗಿ ಅಲ್ಲಿನ ಗಿಡಗಳನ್ನು ಮುಚ್ಚಿಹಾಕಿದೆ. ಪ್ರತಿ ಗಿಣ್ಣೂ ಒಂದು ಹೊಸ ಬಳ್ಳಿ ಎಂಬುದನ್ನು ಮರೆಯಬೇಡಿ. ತುಂಡುಗಳನ್ನು ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಗಿಡಕ್ಕೆ ಏನಾಗಿದೆ ಎಂದು ಎಲೆ ನೋಡಿ ತಿಳಿಯಿರಿ

- ಕೆಳಗಿನ ಹಲವು ಎಲೆ ಒಟ್ಟಿಗೆ ಹಳದಿಯಾಗಿ ಮಣ್ಣು ಒದ್ದೆಯಿದ್ದರೆ: ನೀರು ಹೆಚ್ಚಾಗಿದೆ. ಒಣಗಲು ಬಿಡಿ.
- ಎಲೆ ಜೋತುಬಿದ್ದು ಮಣ್ಣು ಒಣಗಿದ್ದರೆ: ನೀರು ಬೇಕು. ಒಂದೇ ದಿನದಲ್ಲಿ ಚೇತರಿಸಿಕೊಳ್ಳುತ್ತದೆ.
- ವಯಸ್ಸಾದ ಒಂದೊಂದೇ ಎಲೆ ಹಳದಿಯಾಗಿ ಉದುರಿದರೆ: ಸಹಜ.
- ಗಿಣ್ಣಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ: ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ.
- ಬಾಟಲಿಯೊಳಗೆ ಹಸಿರು ಪಾಚಿ ಕಟ್ಟಿದರೆ: ನೀರಿಗೆ ಬೆಳಕು ಹೆಚ್ಚು ಬೀಳುತ್ತಿದೆ, ತೊಳೆದು ಬಹಳ ದಿನವಾಗಿದೆ ಎಂದು ಅರ್ಥ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಮನಿ ಪ್ಲಾಂಟ್ ಹಣ ತರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಒಂದೆರಡು ಗಿಡದಿಂದ ಮನೆಯ ಗಾಳಿ ಶುದ್ಧವಾಗುವುದಿಲ್ಲ. ಎಲೆ ಅಗಿದರೆ ಬಾಯಿ ಉರಿಯುತ್ತದೆ, ನಿಮಿಷದಲ್ಲಿ ಪ್ರಾಣ ಹೋಗುವುದಿಲ್ಲ. ಆದರೆ ಬಾಟಲಿಯ ನೀರು ವಾರಕ್ಕೊಮ್ಮೆ ಬದಲಾಗದಿದ್ದರೆ ಅದರಲ್ಲಿ ಡೆಂಗಿ ಸೊಳ್ಳೆ ಹುಟ್ಟಬಹುದು. ನೀರು ಒಣ ನೆಲಕ್ಕೆ ಚೆಲ್ಲಿ, ಬಾಟಲಿಯ ಒಳಗೋಡೆ ಉಜ್ಜಿ, ಬಾಯಿಗೆ ಹತ್ತಿ ತುರುಕಿ. ಇಲ್ಲವೇ ಬಳ್ಳಿಯನ್ನು ಮಣ್ಣಿಗೆ ಬದಲಿಸಿ.

ಈ ನಾಲ್ಕು ಸಾಲನ್ನು ನಿಮ್ಮ ಊರಿನ ಗ್ರೂಪಿಗೆ ಕಳಿಸಿ. ಕಳಿಸುವ ಮೊದಲು ಒಮ್ಮೆ ಎದ್ದು ಹೋಗಿ ನಿಮ್ಮ ಮನೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ.